ಮನೆ ಬಾಗಿಲಿಗೆ ಹೋಗದ ಕುಟುಂಬ ಸೇವೆ

ಮಂಗಳೂರಿನ ಚರ್ಚುಗಳ ವಾರ್ಷಿಕ ವರದಿಗಳಲ್ಲಿ ‘ಕುಟುಂಬ ಸೇವೆ’ ಎಂಬ ತಲೆಬರಹದ ಕೆಳಗೆ ಹೆಚ್ಚುಕಡಿಮೆ ಒಂದೇ ಪಟ್ಟಿ ಕಾಣುತ್ತದೆ. ಕುಟುಂಬದ ಭಾನುವಾರ, ದಂಪತಿಗಳಿಗೆ ಒಂದು ದಿನದ ಶಿಬಿರ, ಬೇಸಿಗೆ ರಜೆಯಲ್ಲಿ ಮಕ್ಕಳ ವಿಬಿಎಸ್ (ರಜಾಕಾಲದ ಬೈಬಲ್ ಶಾಲೆ), ಬೈಬಲ್ ಕ್ವಿಜ್, ಹಗ್ಗಜಗ್ಗಾಟ, ಹೊರಗಿನಿಂದ ಬಂದವರಿಂದ ಆದರ್ಶ ಕ್ರೈಸ್ತ ಕುಟುಂಬದ ಬಗ್ಗೆ ಉಪನ್ಯಾಸ, ಕೊನೆಗೆ ಸಹಭೋಜನ. ಪ್ರತಿಯೊಂದರ ಮುಂದೆಯೂ ಎಷ್ಟು ಜನ ಬಂದಿದ್ದರು ಎಂಬ ಲೆಕ್ಕ.

ಈ ಪಟ್ಟಿಯ ಹಿಂದೆ ಒಂದು ನಂಬಿಕೆ ಇದೆ. ಕುಟುಂಬಗಳು ಚರ್ಚಿನಿಂದ ದೂರ ಸರಿಯುತ್ತಿವೆ, ಅವನ್ನು ಮರಳಿ ಕರೆತರಬೇಕಾದರೆ ಕಾರ್ಯಕ್ರಮಗಳು ಇನ್ನಷ್ಟು ಆಕರ್ಷಕವಾಗಬೇಕು, ಬಂದ ಮೇಲೆ ಮನೆ ತಾನಾಗಿಯೇ ಸರಿಹೋಗುತ್ತದೆ ಎಂಬ ನಂಬಿಕೆ. ಪಾದ್ರಿಗಳು, ಸಭಾ ಸಮಿತಿಯವರು, ಯುವಜನ ಸಂಘದವರು ಎಲ್ಲರೂ ಇದನ್ನು ಒಳ್ಳೆಯ ಮನಸ್ಸಿನಿಂದಲೇ ನಂಬಿದ್ದಾರೆ. ಆದರೂ ಇದು ತಪ್ಪು. ಸಭಾಭವನಕ್ಕೆ ಬರುವಷ್ಟು ತ್ರಾಣ ಉಳಿದಿರುವ ಮನೆಗಳನ್ನು ಮಾತ್ರ ಇಂಥ ಕಾರ್ಯಕ್ರಮ ಮುಟ್ಟುತ್ತದೆ. ಸಾಲಗಾರರಿಗೆ ಮುಖ ತೋರಿಸಲಾಗದ ಮನೆ, ಕುಡಿತದಿಂದ ಒಡೆದ ಮನೆ, ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡಲಾಗದ ಸೊಸೆಯ ಮನೆ, ಆರಾಧನೆಯ ನಡುವೆ ಕೂಗುವ ಮಗುವನ್ನು ಎತ್ತಿಕೊಂಡು ಹೊರಗೆ ನಿಂತು ನಿಂತು ಕೊನೆಗೆ ಬರುವುದನ್ನೇ ಬಿಟ್ಟ ತಾಯಿಯ ಮನೆ, ಇವು ಆ ದಿನ ಬರುವುದಿಲ್ಲ. ಬಾರದವರನ್ನು ಯಾರೂ ಎಣಿಸುವುದಿಲ್ಲ.

ಈ ತಪ್ಪನ್ನು ಎತ್ತಿ ತೋರಿಸಲು ದೂರದ ಊರಿಗೆ ಹೋಗಬೇಕಾಗಿಲ್ಲ. ಮಂಗಳೂರಿನ ಕುದ್ರೋಳಿ ಸಾಕು.

ಕುದ್ರೋಳಿ ಎಂದರೆ ಇಂದು ಎಲ್ಲರಿಗೂ ಮೊದಲು ನೆನಪಾಗುವುದು ಗೋಕರ್ಣನಾಥೇಶ್ವರ ಕ್ಷೇತ್ರ ಮತ್ತು ಮಂಗಳೂರು ದಸರಾ. ಕ್ರೈಸ್ತ ಸಭೆಯ ಚರಿತ್ರೆಯಲ್ಲಿಯೂ ಆ ಹೆಸರಿಗೆ ಜಾಗ ಇದೆ. 1882ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮಿಷನ್ನಿನ ಮೊದಲ ಹಂಚಿನ ಕಾರ್ಖಾನೆಯನ್ನು ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ್ದರು. ಕುದ್ರೋಳಿಯ ನಂತರ 1886ರಲ್ಲಿ ಮಲ್ಪೆಯಲ್ಲಿಯೂ ಒಂದು ಬಂತು. ಮಲಬಾರಿನ ಕಡೆಗೂ ಉದ್ಯಮ ಹಬ್ಬಿತು. ನಾಡಿನ ಮನೆಗಳ ಮಾಡಿಗೆ ಮಂಗಳೂರು ಹಂಚು ಏರಿದ ಕಥೆಯನ್ನು ನಾವು ವ್ಯಾಪಾರದ ಕಥೆಯಾಗಿ ಓದಿದ್ದೇವೆ. ಅದನ್ನು ಕುಟುಂಬ ಸೇವೆಯ ಕಥೆಯಾಗಿಯೂ ಓದಬೇಕು.

ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು 1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಇಳಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಸುವಾರ್ತೆ ಸಾರುವ ಕೆಲಸ. ಕಾರ್ಖಾನೆಯ ಯೋಚನೆ ಇರಲಿಲ್ಲ. ಆದರೆ ದೀಕ್ಷಾಸ್ನಾನ ಪಡೆದವನು ಮಾರನೆಯ ದಿನ ಎಲ್ಲಿ ಮಲಗಬೇಕು, ಏನು ಉಣ್ಣಬೇಕು ಎಂಬ ಪ್ರಶ್ನೆ ಅವರಿಗೆ ಬೇಗನೆ ಎದುರಾಯಿತು. ತುಳುನಾಡಿನಲ್ಲಿ ಮಿಷನ್ನಿಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದವನು ಮತ ಬದಲಿಸಿದರೆ ತಾಯಿಮನೆಯ ಆಸರೆ ಕಡಿದುಹೋಗುತ್ತಿತ್ತು. ಕಳ್ಳು ಇಳಿಸುವ ಮೂರ್ತೆದಾರಿಕೆಯನ್ನು ಮಿಷನ್ ಒಪ್ಪುತ್ತಿರಲಿಲ್ಲವಾದ್ದರಿಂದ ಕುಲಕಸುಬೂ ಹೋಗುತ್ತಿತ್ತು. ಹೆಂಡತಿ ಮಕ್ಕಳೊಂದಿಗೆ ಬೀದಿಗೆ ಬಿದ್ದವನಿಗೆ ಸಂಸಾರ ನಡೆಸುವ ಬಗ್ಗೆ ಉಪನ್ಯಾಸ ಕೊಟ್ಟು ಪ್ರಯೋಜನವಿಲ್ಲ ಎಂಬುದು ಆ ಪಾದ್ರಿಗಳಿಗೆ ಅರ್ಥವಾಯಿತು.

ಬೇಸಾಯ ಮಾಡಿಸಿ ನೋಡಿದರು, ಅದು ಹೆಚ್ಚು ಕಾಲ ನಿಲ್ಲಲಿಲ್ಲ. 1841ರಲ್ಲಿ ಮುದ್ರಣಾಲಯ ಬಂತು. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆಯ ಕೆಲಸವನ್ನು ಯುರೋಪಿನ ಮಗ್ಗದ ಮೇಲೆ ಕೂರಿಸಿದರು. ಕೊನೆಗೆ ನದಿದಂಡೆಯ ಜೇಡಿಮಣ್ಣಿಗೆ ಕೈಹಾಕಿದರು. ಮಣ್ಣನ್ನು ನೆನೆಸಿ, ಅರೆದು, ಹದವಾದ ಹಲಗೆಯಂತೆ ಮಾಡಿ, ಅಚ್ಚಿನಲ್ಲಿಟ್ಟು ಒತ್ತಿ, ಅಂಚಿನಲ್ಲಿ ಉಳಿದದ್ದನ್ನು ಕತ್ತರಿಸಿ, ಹಸಿ ಹಂಚನ್ನು ನೆರಳಿನಲ್ಲಿ ಸಾಲಾಗಿ ಒಣಗಿಸಿ, ಗೂಡಿನಲ್ಲಿ ಸುಟ್ಟು ಹೊರಗೆ ತೆಗೆಯುವ ಕೆಲಸ ಅದು. ಗಂಡಸರಿಗೆ ಮಾತ್ರವಲ್ಲ, ಹಂಚು ಹೊರುವ ಹೆಂಗಸರಿಗೂ ಅಲ್ಲಿ ಕೂಲಿ ಇತ್ತು. ಮನೆಯ ಇಬ್ಬರ ದುಡಿಮೆ ಸೇರಿದಾಗ ಮಕ್ಕಳು ಶಾಲೆಗೆ ಹೋಗಲು ದಾರಿಯಾಯಿತು. ಕರಾವಳಿಯ ಪ್ರೊಟೆಸ್ಟಂಟ್ ಕುಟುಂಬಗಳು ಕಾಲೂರಿ ನಿಂತದ್ದು ಹೀಗೆ. ಈಗಿನ ಸಭೆಗಳ ಹಿರಿಯರಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಆ ಗೂಡುಗಳ ಬಿಸಿಯಲ್ಲಿ ದುಡಿದವರು.

ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು, ಅವನ್ನು ಮುಚ್ಚಿಡಬಾರದು. ಪಾದ್ರಿಯೇ ಧಣಿಯಾದಾಗ ಭಾನುವಾರದ ಪೀಠಕ್ಕೂ ಸೋಮವಾರದ ಕೂಲಿಗೂ ನಂಟು ಬೀಳುತ್ತದೆ. ಕೆಲಸದ ಆಸೆಗೆ ಮತ ಬದಲಿಸಿದವರು ಎಂಬ ಮಾತನ್ನು ಆ ಕುಟುಂಬಗಳು ತಲೆಮಾರುಗಳ ಕಾಲ ಕೇಳಬೇಕಾಯಿತು. ಇಡೀ ಸಮುದಾಯದ ಅನ್ನ ಒಂದೇ ಸಂಸ್ಥೆಯ ಕೈಯಲ್ಲಿ ಇದ್ದುದರ ಅಪಾಯ 1914ರಲ್ಲಿ ಬಯಲಾಯಿತು. ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕುದ್ರೋಳಿಯ, ಜೆಪ್ಪುವಿನ ಕೆಲಸಗಾರರ ಅದೃಷ್ಟವನ್ನು ಲಂಡನ್ನಿನಲ್ಲಿ ಕುಳಿತವರು ತೀರ್ಮಾನಿಸಿದರು.

ಹಾಗಾಗಿ ಇಂದಿನ ಚರ್ಚು ಮತ್ತೆ ಕಾರ್ಖಾನೆ ಕಟ್ಟಬೇಕು ಎಂದು ಯಾರೂ ಹೇಳಬೇಕಾಗಿಲ್ಲ. ಅಂದಿನವರಿಂದ ಕಲಿಯಬೇಕಾದದ್ದು ಅವರು ಕೇಳಿಕೊಂಡ ಪ್ರಶ್ನೆಯನ್ನು. ಈ ಮನೆಯನ್ನು ಒಡೆಯುತ್ತಿರುವುದು ಏನು ಎಂದು ಅವರು ಮೊದಲು ಕೇಳಿದರು, ಕೆಲಸವನ್ನು ಆಮೇಲೆ ಆರಿಸಿಕೊಂಡರು. ನಾವು ಕಾರ್ಯಕ್ರಮವನ್ನು ಮೊದಲು ಆರಿಸುತ್ತೇವೆ, ಅದಕ್ಕೆ ಬರುವ ಕುಟುಂಬಗಳನ್ನು ಆಮೇಲೆ ಹುಡುಕುತ್ತೇವೆ.

ಕಥೋಲಿಕರ ಚರಿತ್ರೆಯೂ ಇದಕ್ಕೆ ಸಾಕ್ಷಿ. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಾಲಯ ತೆರೆದರು, ಮುಂದೆ ಕುಷ್ಠರೋಗಿಗಳಿಗೂ ಆಸರೆ ಕೊಟ್ಟರು. ಮನೆಯವರೇ ಹೊರಗೆ ಹಾಕಿದವರನ್ನು ಒಳಗೆ ಕರೆದ ಸೇವೆ ಅದು. 1912ರಲ್ಲಿ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರ ಮುಂದಾಳತ್ವದಲ್ಲಿ ಈಗ ಎಂಸಿಸಿ ಬ್ಯಾಂಕ್ ಎಂದು ಕರೆಯುವ ಕಥೋಲಿಕ್ ಸಹಕಾರಿ ಸಂಸ್ಥೆ ಹುಟ್ಟಿತು. ಬಡ್ಡಿಯ ಬಾಯಿಗೆ ಮನೆಗಳು ಹೋಗಬಾರದು ಎಂಬ ಚಿಂತೆ ಸಹಕಾರಿ ಚಳವಳಿಯ ಬುಡದಲ್ಲೇ ಇತ್ತು. ಮದುವೆ ಉಳಿಯಲು ಬೇಕಾದ ಹತ್ತು ಉಪದೇಶಗಳಿಗಿಂತ ಸಕಾಲದಲ್ಲಿ ಸಿಕ್ಕ ಒಂದು ನ್ಯಾಯವಾದ ಸಾಲ ಹೆಚ್ಚು ಜಗಳಗಳನ್ನು ತಪ್ಪಿಸುತ್ತದೆ.

ಅದೇ 1912ರಲ್ಲಿ ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಇತರರ ದೇವಸ್ಥಾನಗಳ ಹೊರಗೆ ನಿಲ್ಲಬೇಕಾಗಿದ್ದ ಬಿಲ್ಲವ ಕುಟುಂಬಗಳಿಗೆ ತಮ್ಮದೇ ಗುಡಿ ಸಿಕ್ಕಿತು. ನೂರು ವರ್ಷ ಕಳೆದು 2013ರಲ್ಲಿ ಇದೇ ಕ್ಷೇತ್ರ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು. ಮದುವೆ ಮನೆಯಲ್ಲಿ ಹಿಂದೆ ನಿಲ್ಲಿಸಲ್ಪಡುವ ಹೆಂಗಸಿಗೆ ಗರ್ಭಗುಡಿಯ ಮುಂದೆ ಗೌರವದ ಜಾಗ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ವಿಧವೆಯರ ಆರೈಕೆಯನ್ನೇ ಶುದ್ಧ ಭಕ್ತಿಯ ಗುರುತಾಗಿ ಹೇಳಿದ್ದು ಹೊಸ ಒಡಂಬಡಿಕೆಯ ಯಾಕೋಬನ ಪತ್ರ. ಅದನ್ನು ಓದಿ ಬೆಳೆದ ಸಭೆಗಳು ತಮ್ಮ ನಡುವಿನ ವಿಧವೆಯರನ್ನು ದಂಪತಿಗಳ ಶಿಬಿರದ ದಿನ ಮನೆಯಲ್ಲೇ ಉಳಿಯುವಂತೆ ಮಾಡುತ್ತಿವೆ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಚಿತ್ರವನ್ನೇ ಬ್ಯಾನರಿನಲ್ಲಿ ಹಾಕಿ ನಡೆಸುವ ಕುಟುಂಬದ ಭಾನುವಾರ ಎಷ್ಟು ಜನರಿಗೆ ನೋವು ಕೊಡುತ್ತದೆ ಎಂದು ಸಮಿತಿಗಳು ಯೋಚಿಸಬೇಕು.

ಇಂದು ನಾವು ಬರೀ ಕಾರ್ಯಕ್ರಮವಾಗಿ ನಡೆಸುವ ಅನೇಕ ಸಂಗತಿಗಳು ಹುಟ್ಟಿದ್ದು ಕುಟುಂಬದ ಒಂದು ನಿಜವಾದ ಕೊರತೆಯನ್ನು ನೀಗಿಸಲು. ರಾಬರ್ಟ್ ರೈಕ್ಸ್ 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಸಂಡೇ ಸ್ಕೂಲ್ ಶುರುಮಾಡಿದ್ದು ವಾರದ ಆರು ದಿನವೂ ದುಡಿಯುತ್ತಿದ್ದ ಬಡ ಮಕ್ಕಳಿಗೆ ಉಳಿದ ಒಂದೇ ದಿನ ಅಕ್ಷರ ಕಲಿಸಲು. ವಿಬಿಎಸ್ಸಿನ ಮೂಲಗಳಲ್ಲಿ ಒಂದು 1898ರ ನ್ಯೂಯಾರ್ಕಿನಲ್ಲಿದೆ. ಹಾವ್ಸ್ ಎಂಬ ಹೆಣ್ಣುಮಗಳು ಬಿಯರ್ ಹಾಲೊಂದನ್ನು ಬಾಡಿಗೆಗೆ ಹಿಡಿದು, ರಜೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳನ್ನು ಸೇರಿಸಿದಳು. ಇಂದು ಅದೇ ಸಂಡೇ ಸ್ಕೂಲ್ ವಚನ ಕಂಠಪಾಠದ ಬಹುಮಾನಕ್ಕೆ ನಿಂತಿದೆ. ಅದೇ ವಿಬಿಎಸ್ ಟಿ-ಶರ್ಟು, ಬ್ಯಾಗು, ಸಮಾರೋಪದ ನೃತ್ಯಗಳಲ್ಲಿ ಮುಗಿಯುತ್ತದೆ. ಹತ್ತು ದಿನ ಮಕ್ಕಳು ಹಾಡುತ್ತಾರೆ, ಹನ್ನೊಂದನೆಯ ದಿನ ಅವರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಯಾರೂ ಹೋಗುವುದಿಲ್ಲ.

ಮನೆಗಳಲ್ಲಿ ನಡೆಯುವ ಪ್ರಾರ್ಥನೆ ಇದಕ್ಕೆ ಉತ್ತರವಲ್ಲವೇ ಎಂದು ಕೇಳಬಹುದು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಮನೆ ಪ್ರಾರ್ಥನಾ ಕೂಟಗಳಿವೆ. ಕಥೋಲಿಕರಲ್ಲಿ ಪ್ರತಿ ಧರ್ಮಕೇಂದ್ರವನ್ನು ವಾಳೆಗಳಾಗಿ ವಿಂಗಡಿಸಿ ಒಬ್ಬ ಗುರ್ಕಾರರನ್ನು ನೇಮಿಸುವ ಹಳೆಯ ಪದ್ಧತಿ ಇದೆ. ಇಷ್ಟು ಒಳ್ಳೆಯ ಜಾಲ ಬೇರೆ ಸಂಘಟನೆಗಳ ಬಳಿ ಅಪರೂಪ. ಆದರೆ ಅದು ಹೇಗೆ ನಡೆಯುತ್ತಿದೆ ಎಂದು ಹತ್ತಿರದಿಂದ ನೋಡಬೇಕು. ಕೂಟ ತಮ್ಮ ಮನೆಗೆ ಬರುವ ವಾರ ಗೃಹಿಣಿ ಸೋಫಾ ಕವರ್ ಬದಲಿಸುತ್ತಾಳೆ, ಪ್ಲಾಸ್ಟಿಕ್ ಕುರ್ಚಿ ತರಿಸುತ್ತಾಳೆ, ಕಳೆದ ಸಲದ ಮನೆಯಲ್ಲಿ ಪಫ್ಸ್ ಮತ್ತು ಜ್ಯೂಸ್ ಕೊಟ್ಟಿದ್ದರು ಎಂದು ಬೇಕರಿಗೆ ಫೋನ್ ಮಾಡುತ್ತಾಳೆ. ಎರಡು ಕೋಣೆಯ ಬಾಡಿಗೆ ಮನೆಯವಳು ನೆಂಟರ ನೆಪ ಹೇಳಿ ತನ್ನ ಸರದಿಯನ್ನು ಮುಂದೂಡುತ್ತಾಳೆ. ಹೀಗೆ ಎರಡು ಮೂರು ಸಲ ಮುಂದೂಡಿದ ಮೇಲೆ ಪಟ್ಟಿಯಿಂದ ಆ ಮನೆಯ ಹೆಸರೇ ಬಿಟ್ಟುಹೋಗುತ್ತದೆ. ಎಲ್ಲರಿಗಿಂತ ಹೆಚ್ಚಾಗಿ ಆಸರೆ ಬೇಕಾದವಳು ಹೀಗೆ ಕಳೆದುಹೋಗುತ್ತಾಳೆ. ಒಂದು ಲೋಟ ಚಹಾಕ್ಕಿಂತ ಹೆಚ್ಚಿನದನ್ನು ಯಾವ ಮನೆಯಲ್ಲಿಯೂ ಸ್ವೀಕರಿಸುವುದಿಲ್ಲ ಎಂದು ಕೂಟವೇ ನಿಯಮ ಮಾಡಿಕೊಂಡರೆ ಅವಳ ಬಾಗಿಲು ಮತ್ತೆ ತೆರೆಯುತ್ತದೆ. ಇದಕ್ಕೆ ಖರ್ಚಿಲ್ಲ.

ಮನೆಯನ್ನು ಹೇಗೆ ಗೌರವಿಸಬೇಕು ಎಂದು ಕರಾವಳಿಯ ಕಥೋಲಿಕರಿಗೆ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬ ಅದನ್ನು ಕಲಿಸುತ್ತಲೇ ಇದೆ. ಆ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಪ್ರತಿ ಮನೆಗೂ ಕೊಡುತ್ತಾರೆ. ಮುಂದಿನ ವಿಧಿ ನಡೆಯುವುದು ಮನೆಯಲ್ಲಿ. ಹಿರಿಯರು ಪ್ರಾರ್ಥನೆ ಹೇಳಿ ಹೊಸ ಅಕ್ಕಿಯ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ, ಬಾಳೆಯೆಲೆಯ ಮೇಲೆ ಸಸ್ಯಾಹಾರದ ಊಟ ನಡೆಯುತ್ತದೆ. ಗಲ್ಫಿನಲ್ಲಿರುವ ಮಗನ ಪಾಲಿನ ಕಾಳು ಲಕೋಟೆಯಲ್ಲಿ ಅವನಿಗೆ ಹೋಗುತ್ತದೆ. ಆ ಒಂದು ದಿನ ಚರ್ಚು ಮನೆಯ ಕೈಗೆ ಏನನ್ನೋ ಕೊಟ್ಟು ಕಳಿಸುತ್ತದೆ. ಉಳಿದ ದಿನಗಳಲ್ಲಿ ಮನೆಯನ್ನೇ ತನ್ನ ಆವರಣಕ್ಕೆ ಬರಲು ಕೇಳುತ್ತದೆ.

ಈ ವಾದಕ್ಕೆ ಮೂರು ಆಕ್ಷೇಪಗಳು ಬರುತ್ತವೆ, ಮೂರಕ್ಕೂ ಉತ್ತರ ಕೊಡಬೇಕು.

ಚರ್ಚಿನ ಕೆಲಸ ಆತ್ಮದ್ದು, ಶಾಲೆಯ ಶುಲ್ಕ, ಸಾಲ, ರೋಗಿಯ ಆರೈಕೆ ಎಲ್ಲ ಸರಕಾರದ ಮತ್ತು ಸಂಘಸಂಸ್ಥೆಗಳ ಕೆಲಸ ಎಂಬುದು ಮೊದಲನೆಯದು. ಆದಿಸಭೆ ಹಾಗೆ ತಿಳಿದಿರಲಿಲ್ಲ. ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಕೆಲವು ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ ಅಪೊಸ್ತಲರು ಏಳು ಜನರನ್ನು ಅದಕ್ಕಾಗಿಯೇ ನೇಮಿಸಿದರು, ಪ್ರಾರ್ಥನೆ ಮಾಡಿ ಅವರ ತಲೆಯ ಮೇಲೆ ಕೈಯಿಟ್ಟರು. ಊಟ ಬಡಿಸುವವರಿಗೂ ದೀಕ್ಷೆ ಕೊಟ್ಟ ಸಭೆ ಅದು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಪೀಠದಿಂದ ಓದುವವರಿಗೆ ಊಟದ ಪ್ರಶ್ನೆಯನ್ನು ಲೌಕಿಕ ಎಂದು ಬದಿಗೆ ತಳ್ಳಲು ಬರುವುದಿಲ್ಲ.

ಎರಡನೆಯದು ಭಯದ ಆಕ್ಷೇಪ. ಆ ಭಯಕ್ಕೆ ಕಾರಣವಿದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಪ್ರಾರ್ಥನಾ ಸ್ಥಳಗಳ ಮೇಲೆ ನಡೆದ ದಾಳಿಯ ನಂತರ ಅನೇಕ ಸಭೆಗಳು ತಮ್ಮ ಗೇಟಿನ ಒಳಗೇ ಉಳಿಯುವುದು ಕ್ಷೇಮ ಎಂದುಕೊಂಡವು. 2022ರಲ್ಲಿ ಬಂದ ಮತಾಂತರ ವಿರೋಧಿ ಕಾಯ್ದೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣವನ್ನು ಆಮಿಷದ ವ್ಯಾಖ್ಯೆಯೊಳಗೆ ತಂದಾಗ ಆ ಅಂಜಿಕೆ ಇನ್ನೂ ಗಟ್ಟಿಯಾಯಿತು. ಆದರೆ ಗೇಟು ಮುಚ್ಚಿದರೆ ಅನುಮಾನ ಬೆಳೆಯುತ್ತದೆ. ಕುದ್ರೋಳಿಯಂಥ ಕಡೆ ದೇವಸ್ಥಾನ, ಮಸೀದಿ, ಕ್ರೈಸ್ತ ಮನೆಗಳು ಕೂಗಳತೆಯಲ್ಲಿವೆ. ಅಳಕೆಯ ಮಾರ್ಕೆಟಿನಲ್ಲಿ, ಬೊಕ್ಕಪಟ್ಣದ ದಾರಿಯಲ್ಲಿ ದಿನವೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಂಥಲ್ಲಿ ಸೇವೆ ಬಹಿರಂಗವಾಗಿರಬೇಕು, ಷರತ್ತಿಲ್ಲದೆ ಇರಬೇಕು. ಸಂಜೆ ಓದಲು ತೆರೆದಿಟ್ಟ ಸಭಾಭವನದಲ್ಲಿ ಯಾವ ಧರ್ಮದ ಮಗುವೂ ಕೂರಬಹುದು ಎಂದಿರಬೇಕು. ಅಲ್ಲಿ ಯಾರಿಗೂ ಕರಪತ್ರ ಹಂಚಬಾರದು, ಆರಾಧನೆಗೆ ಬರಲು ಒತ್ತಾಯಿಸಬಾರದು. ಹಂಚಿನ ಕಾರ್ಖಾನೆಯ ಕಾಲದಲ್ಲಿ ಪೀಠಕ್ಕೂ ಕೂಲಿಗೂ ಬಿದ್ದ ಗಂಟನ್ನು ಬಿಚ್ಚುವ ಕೆಲಸ ಇದು. ನೆರೆಯವರ ಮಗುವಿಗೆ ದೀಪದ ಬೆಳಕೂ ಕೂರಲು ಬೆಂಚೂ ಕೊಟ್ಟ ಚರ್ಚಿನ ಪರವಾಗಿ ಆ ನೆರೆಯವರೇ ಮಾತಾಡುತ್ತಾರೆ.

ಹಣವಿಲ್ಲ, ಜನರಿಲ್ಲ ಎಂಬುದು ಮೂರನೆಯದು. ವರ್ಷಕ್ಕೊಂದು ದಿನದ ಶಾಮಿಯಾನ, ಧ್ವನಿವರ್ಧಕ, ಬಹುಮಾನ, ಊಟಕ್ಕೆ ಹಣ ಹೊಂದಿಸುವ ಸಭೆಗೆ ಹಣವಿದೆ. ವಾರದ ಹಗಲುಗಳಲ್ಲಿ ಬೀಗ ಹಾಕಿಕೊಂಡು ನಿಲ್ಲುವ ಸಭಾಭವನವಿದೆ. ನಿವೃತ್ತ ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನವರು ಕರಾವಳಿಯ ಕ್ರೈಸ್ತ ಸಮುದಾಯದಲ್ಲಿ ಇರುವಷ್ಟು ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ. ಇರುವುದನ್ನು ಬೇರೆ ಕಡೆ ತಿರುಗಿಸುವ ನಿರ್ಧಾರ ಒಂದೇ ಬಾಕಿ.

ನಿರ್ಧಾರ ಮಾಡಿದ ಸಭೆ ಮೊದಲ ಆರು ತಿಂಗಳು ಯಾವ ಸಮಾರಂಭವನ್ನೂ ಇಟ್ಟುಕೊಳ್ಳಬಾರದು. ಪಾದ್ರಿ ಮತ್ತು ಹಿರಿಯರು ಇಬ್ಬಿಬ್ಬರಾಗಿ ಸಂಜೆ ಹೊತ್ತು ಮನೆಗಳಿಗೆ ಹೋಗಬೇಕು. ಕೈಯಲ್ಲಿ ವಂತಿಗೆಯ ರಸೀದಿ ಪುಸ್ತಕ ಇರಬಾರದು. ಆ ಪುಸ್ತಕ ಕಂಡರೆ ಬಾಕಿ ಇರುವ ಮನೆ ಬಾಗಿಲು ತೆರೆಯುವುದಿಲ್ಲ. ಭೇಟಿಯಲ್ಲಿ ಕೇಳಿದ್ದು ಸಮಿತಿಯ ಚರ್ಚೆಗೆ, ಪ್ರಾರ್ಥನೆಯ ವಿಷಯಕ್ಕೆ, ವಾಟ್ಸಾಪ್ ಗುಂಪಿಗೆ ಹೋಗಬಾರದು. ಸಣ್ಣ ಊರಿನ ಸಭೆಗಳಲ್ಲಿ ಕಷ್ಟ ಹೇಳಿಕೊಳ್ಳದಿರಲು ದೊಡ್ಡ ಕಾರಣ ಮಾತು ಹೊರಗೆ ಹೋಗುತ್ತದೆ ಎಂಬ ಹೆದರಿಕೆ.

ಮಾಡಬೇಕಾದ ಕೆಲಸಗಳನ್ನು ಆ ಮನೆಗಳೇ ಹೇಳುತ್ತವೆ. ಕೆಲವನ್ನು ಈಗಲೇ ಊಹಿಸಬಹುದು. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ, ಕೊಡೆ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಬಡ್ಡಿಯಿಲ್ಲದೆ ಹತ್ತು ಕಂತುಗಳಲ್ಲಿ ತೀರಿಸುವ ಸಾಲದ ನಿಧಿಯೊಂದನ್ನು ಸಹಕಾರಿ ತತ್ವದ ಮೇಲೆ ನಡೆಸಬಹುದು. ದಾನ ಪಡೆದವರೆಂಬ ಹೆಸರು ಯಾರಿಗೂ ಬರುವುದಿಲ್ಲ. ಸಭಾಭವನದ ಒಂದು ಕೋಣೆಯನ್ನು ವಾರಕ್ಕೆ ಎರಡು ಹಗಲು ವೃದ್ಧರಿಗಾಗಿ ತೆರೆದಿಟ್ಟು, ನಿವೃತ್ತ ನರ್ಸೊಬ್ಬರು ಅಲ್ಲಿ ಕುಳಿತರೆ ಮನೆಯಲ್ಲಿರುವ ಸೊಸೆಗೋ ಮಗಳಿಗೋ ಆಸ್ಪತ್ರೆಗೆ, ಬ್ಯಾಂಕಿಗೆ ಹೋಗಲು ಬಿಡುವು ಸಿಗುತ್ತದೆ. ವಿಶೇಷ ಅಗತ್ಯದ ಮಕ್ಕಳ ತಾಯಂದಿರಿಗೂ ಅದೇ ಬಿಡುವು ಬೇಕು, ಜೊತೆಗೆ ಆರಾಧನೆಯಲ್ಲಿ ಆ ಮಗು ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ಭರವಸೆಯೂ ಬೇಕು. ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಕೂಟಗಳು 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಹುಟ್ಟಿ ಜಗತ್ತಿನ ಎಷ್ಟೋ ಚರ್ಚುಗಳ ಕೋಣೆಗಳಲ್ಲಿ ನಡೆಯುತ್ತಿವೆ. ಅಂಥ ಕೂಟಕ್ಕೆ ಕೋಣೆ ಕೊಟ್ಟು, ಕುಡುಕನ ಹೆಂಡತಿ ಮಕ್ಕಳಿಗೆ ಅದರ ಪಕ್ಕದಲ್ಲೇ ಮಾತಾಡಲು ಇನ್ನೊಂದು ಕೋಣೆ ಕೊಡಬೇಕು.

ಮದುವೆಯ ವಿಷಯದಲ್ಲಿ ಎರಡು ಬದಲಾವಣೆ ತುರ್ತಾಗಿ ಬೇಕು. ವಿವಾಹಕ್ಕೆ ಮುನ್ನ ತರಬೇತಿ ಕಡ್ಡಾಯ ಮಾಡಿರುವ ಚರ್ಚು ಮದುವೆಯ ಮಾರನೆಯ ದಿನದಿಂದ ಆ ಜೋಡಿಯನ್ನು ಮರೆತುಬಿಡುತ್ತದೆ. ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತೀಸಿಯಾ’ ಪತ್ರದಲ್ಲಿ ಮದುವೆಯ ಮೊದಲ ವರ್ಷಗಳಲ್ಲಿ ಜೊತೆಗಿರುವ ಹೊಣೆಯನ್ನು ವಿಶೇಷವಾಗಿ ಎತ್ತಿ ಹೇಳಿದ್ದರು. ಮಾಗಿದ ದಂಪತಿಗಳು ತಲಾ ಒಂದು ಹೊಸ ಜೋಡಿಯನ್ನು ಐದು ವರ್ಷ ವಿಚಾರಿಸಿಕೊಳ್ಳುವ ಏರ್ಪಾಡನ್ನು ಯಾವ ಸಭೆಯೂ ಮಾಡಬಲ್ಲದು. ಎರಡನೆಯದು ಖರ್ಚು. ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಮದುವೆ, ಆರತಕ್ಷತೆಗಳ ಆಡಂಬರಕ್ಕೆ ಸಾಲ ಮಾಡಿದ ಮನೆಯಲ್ಲಿ ಹೊಸ ಸಂಸಾರ ಕಂತು ಕಟ್ಟುವುದರಿಂದಲೇ ಶುರುವಾಗುತ್ತದೆ. ಸರಳ ಮದುವೆಗೆ ಸಭಾಭವನವನ್ನು ಬಾಡಿಗೆಯಿಲ್ಲದೆ ಕೊಡುತ್ತೇವೆ ಎಂದು ಸಮಿತಿ ಬರೆದುಕೊಡಲಿ. ಅನುಕೂಲಸ್ಥ ಹಿರಿಯರು ತಮ್ಮ ಮಕ್ಕಳ ಮದುವೆಯನ್ನೇ ಮೊದಲು ಹಾಗೆ ಮಾಡಿ ತೋರಿಸಲಿ. ಅನುಕೂಲಸ್ಥರು ಮಾಡದೆ ಬಡವರಿಗೆ ಸರಳತೆ ಬೋಧಿಸುವುದು ಕ್ರೌರ್ಯ.

ಸಮಯವನ್ನೂ ಬದಲಿಸಬೇಕು. ಮೀನಿನ ದಕ್ಕೆಯಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಪಾಳಿಯಲ್ಲಿ ದುಡಿಯುವವರಿಗೆ ಭಾನುವಾರ ಬೆಳಿಗ್ಗೆ ಬಿಡುವಿನ ಹೊತ್ತು ಎಂದು ಹೇಳಲು ಬರುವುದಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಳಿಯ ಒಂದು ಚರ್ಚಿನಲ್ಲಿ 2004ರಲ್ಲಿ ಶುರುವಾದ ‘ಮೆಸ್ಸಿ ಚರ್ಚ್’ ಈ ಸತ್ಯವನ್ನು ಒಪ್ಪಿಕೊಂಡಿತು. ವಾರದ ನಡುವೆ, ಶಾಲೆ ಬಿಟ್ಟ ಮೇಲೆ, ಹೆತ್ತವರೂ ಮಕ್ಕಳೂ ಸೇರಿ ಕೈಕೆಲಸ ಮಾಡಿ, ಸ್ವಲ್ಪ ಹೊತ್ತು ಆರಾಧಿಸಿ, ಒಟ್ಟಿಗೆ ಉಂಡು ಹೋಗುವ ಪದ್ಧತಿ ಅಲ್ಲಿಂದ ಎಷ್ಟೋ ದೇಶಗಳಿಗೆ ಹರಡಿತು. ನಮ್ಮಲ್ಲಿ ಗಂಜಿ ಚಟ್ನಿಯ ಊಟದೊಂದಿಗೆ ಬುಧವಾರ ಸಂಜೆ ಅದನ್ನು ನಡೆಸಲು ಯಾವ ಅಡ್ಡಿಯೂ ಇಲ್ಲ.

ಇಷ್ಟಕ್ಕೆ ಸಭಾ ಸಮಿತಿಗಳು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಒಂದು ಗೊತ್ತುವಳಿ ಮಾಡಿದರೆ ಸಾಕು. ಬರುವ ಹಣಕಾಸು ವರ್ಷದ ಕುಟುಂಬ ಸೇವೆಯ ಬಾಬ್ತಿನಲ್ಲಿ ಅರ್ಧವನ್ನು ಜೂನ್ ತಿಂಗಳ ಶುಲ್ಕದ ನಿಧಿಗೆ, ಉಳಿದರ್ಧವನ್ನು ವೃದ್ಧರ ಮತ್ತು ವಿಶೇಷ ಮಕ್ಕಳ ಹಗಲು ಆರೈಕೆಗೆ ಮೀಸಲಿಡಬೇಕು, ಸಭಾಭವನದ ಒಂದು ಕೀಲಿಕೈಯನ್ನು ಆ ಕೆಲಸ ನಡೆಸುವ ಹೆಂಗಸರ ಕೈಗೆ ಕೊಡಬೇಕು, ಲೆಕ್ಕವನ್ನು ವರ್ಷದ ಕೊನೆಗೆ ಎಲ್ಲರ ಮುಂದೆ ಓದಬೇಕು. ಸಭೆಯ ಯಾವ ಸದಸ್ಯನಾದರೂ ಎದ್ದು ಇದನ್ನು ಸೂಚಿಸಬಹುದು, ಇನ್ನೊಬ್ಬರು ಅನುಮೋದಿಸಬಹುದು.